ಒಂದು ಸಾಲಿನ ಜಾಗ

ಫಾರ್ಮಿನಲ್ಲಿ ವಿಳಾಸಕ್ಕೆ ಒಂದೇ ಸಾಲು.
ಗೆರೆ ಮುಗಿದಲ್ಲಿ ಊರು ಮುಗಿಯಬೇಕು.

ಫ್ರೆಸ್ನೋದ ಮಕ್ಕಳ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಜನವರಿಯ ಮಂಜು, ಗಂಜಿಯಷ್ಟು ಗಟ್ಟಿ;
ಬಾದಾಮಿ ತೋಟಗಳಿವೆ ಎಂದು ನಂಬಿಕೊಳ್ಳಬೇಕು.
ನಾನು ಯಿಂಗ್ ವಾಂಗ್, ನೋಂದಣಿ ಕಚೇರಿಯವಳು,
ಕಾಯಿಲೆಯನ್ನು ಅಂಕಿಗಿಳಿಸಿ ಸಂಬಳ ಎಣಿಸುವವಳು.
ಹುಡುಗಿ ನೆರೇಯ್ದಾ. ಆರು ವರ್ಷ. ರಕ್ತದ ಕ್ಯಾನ್ಸರ್.
ಇಷ್ಟು ಬರೆಯಲು ಅರ್ಧ ನಿಮಿಷ ಸಾಕು.

"ಇವಳು ಹುಟ್ಟಿದಾಗಿನಿಂದ ಎಲ್ಲೆಲ್ಲಿದ್ದಿರಿ?"
ನನ್ನ ಇಂಗ್ಲಿಷು ದುಭಾಷಿಯ ಬಾಯಲ್ಲಿ ಸ್ಪ್ಯಾನಿಷಾಗಿ,
ಹನ್ನೊಂದು ವರ್ಷದ ಅಣ್ಣನ ಬಾಯಲ್ಲಿ ಮಿಶ್ತೆಕೊ ಆಗಿ
(ಮಳೆಮಾತು ಅಂತ ಅವರಿಟ್ಟ ಹೆಸರಂತೆ ಅದಕ್ಕೆ)
ತಾಯಿ ಫಿದೆನ್ಸಿಯಾಳ ಕಿವಿ ಮುಟ್ಟುವಷ್ಟರಲ್ಲಿ
ಏನಾಗಿತ್ತೋ. ಅವಳು ಊರು ಹೇಳಲಿಲ್ಲ,
ಬೆಳೆ ಹೇಳಿದಳು.

ಟೊಮೇಟೊದಲ್ಲಿ ಹೊಟ್ಟೆಯಲ್ಲಿದ್ದಳು.
ಸ್ಟ್ರಾಬೆರಿಯಲ್ಲಿ ಹುಟ್ಟಿದಳು.
ಲೆಟಿಸಿನಲ್ಲಿ ಹಲ್ಲು ಬಂತು.
ದ್ರಾಕ್ಷಿಯಲ್ಲಿ ನಡೆದಳು, ಬಳ್ಳಿಯ ಬುಡ ಹಿಡಿದು ಹಿಡಿದು.
ಆಮೇಲೆ ಚೆರ್ರಿ, ತೀರಾ ಉತ್ತರಕ್ಕೆ; ಒಂಬತ್ತು ರಾತ್ರಿ ಕಾರಿನಲ್ಲೇ ಮಲಗಿದೆವು.
ಮತ್ತೆ ದ್ರಾಕ್ಷಿ. ಮತ್ತೆ ಲೆಟಿಸ್.
ಬೆಳ್ಳುಳ್ಳಿಯಲ್ಲಿ ಜ್ವರ ಹಿಡಿಯಿತು.
ಮೊಣಕಾಲಿನ ನೀಲಿ ಕಲೆಗಳನ್ನು
ಪೆಟ್ಟಿಗೆ ತಾಗಿದ್ದು ಅಂದುಕೊಂಡೆವು.

"ಹತ್ತಿರದಲ್ಲಿ ಔಷಧಿ ಹೊಡೆಯುತ್ತಿದ್ದರಾ?"
ಅವಳು ತಲೆಯೆತ್ತಿ ತೂಗುಹಾಕಿದ ಚೀಲ ನೋಡಿದಳು,
ಹನಿ ಹನಿಯಾಗಿ ಇಳಿಯುವ ಹಳದಿ ನೀರನ್ನು.
ಗಿಡಕ್ಕೋ, ಇವಳಿಗೋ, ಅಂತ ಕೇಳಿದಳು.
ಎರಡಕ್ಕೂ ಒಂದೇ ಮಾತಂತೆ ಅವಳ ಮನೆಯಲ್ಲಿ.
ನಾನು "ತಿಳಿದಿಲ್ಲ" ಎಂಬಲ್ಲಿ ಗುರುತು ಹಾಕಿದೆ.

ನನ್ನಪ್ಪನಿಗೂ ತಾರೀಕು ಗೊತ್ತಿರಲಿಲ್ಲ.
ಲಾವೋಸಿನ ಗುಡ್ಡದಲ್ಲಿ ಹುಟ್ಟಿದ್ದು ಯಾವಾಗ ಎಂದರೆ
"ಜೋಳ ಮುರಿದಾಗಿತ್ತು, ಭತ್ತ ಕೊಯ್ದಿರಲಿಲ್ಲ" ಅನ್ನುತ್ತಿದ್ದ.
ಕ್ಯಾಂಪಿನ ಗುಮಾಸ್ತ ಆಕಳಿಸಿ ಜನವರಿ ಒಂದು ಬರೆದ.
ನಮ್ಮ ಬೀದಿಯ ಅರ್ಧ ಮುದುಕರು ಜನವರಿ ಒಂದರಂದೇ ಹುಟ್ಟಿದವರು,
ಕೇಕು ಕತ್ತರಿಸುವಾಗ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ.
ಆ ಗುಮಾಸ್ತನ ಕುರ್ಚಿ ಈಗ ನನ್ನದು.

ಡಾಕ್ಟರ್ ಹಾಲ್ವರ್ಸನ್ ಒಳ್ಳೆಯವರು. ಮಧ್ಯಾಹ್ನದ ಊಟ ಮರೆತು
ನಕ್ಷೆಯ ಮುಂದೆ ನಿಂತಿರುತ್ತಾರೆ.
ಚುಕ್ಕಿಗಳು ಒಂದೆಡೆ ಸೇರಿದರೆ ಏನಾದರೂ ಹೇಳಬಹುದು ಅನ್ನುತ್ತಾರೆ.
ನಿಜ. ಚುಕ್ಕಿ ಇಟ್ಟಲ್ಲಿ ಇದ್ದರೆ ತಾನೆ
ಗೆರೆ ಎಳೆಯುವುದು?
ಇವು ಫಸಲಿನ ಹಿಂದೆ ಹೋಗಿಬಿಡುತ್ತವೆ.

ಅಂದಹಾಗೆ, ಈಗ ಅವರಿಗೊಂದು ವಿಳಾಸವಿದೆ.
ಚಿಕಿತ್ಸೆಗೆ ಎರಡೂವರೆ ವರ್ಷ ಅಂದಮೇಲೆ
ಗಂಡ ಒಬ್ಬನೇ ಯೂಮಾದ ಲೆಟಿಸಿಗೆ ಹೋದ.
ತಾಯಿ ಮಕ್ಕಳು ಟ್ರೇಲರ್ ನಂಬರ್ ಹದಿನಾಲ್ಕರಲ್ಲಿ.
ಬಾಗಿಲಿಗೆ ಸಂಖ್ಯೆ, ಕಂಬಕ್ಕೆ ಅಂಚೆಡಬ್ಬಿ,
ಹೆಸರು ಹಿಡಿದು ಬಂದ ಮೊದಲ ಕಾಗದ ಆಸ್ಪತ್ರೆಯದು.
ಒಂದು ಕುಂಡದಲ್ಲಿ ಮೆಣಸಿನ ಗಿಡ ಕೂಡ ಇಟ್ಟಿದ್ದಾಳಂತೆ,
ಕಾಯಿ ಬಿಡುವವರೆಗೂ ಕಾಯಬಹುದಾದ ಮೊದಲ ಗಿಡ.

ಕಾಯಿಲೆ ಕೊಡಿಸಿದ ಮನೆ.
ನಾನು ಅದನ್ನೇ ಬರೆದೆ. ಸಾಲಿಗೆ ಸರಿಯಾಗಿ ಕೂತಿತು.
ನಕ್ಷೆಯಲ್ಲಿ ನೆರೇಯ್ದಾ ಅಲ್ಲೇ ಬೀಳುತ್ತಾಳೆ,
ಏನೂ ಶುರುವಾಗದ ಜಾಗದಲ್ಲಿ.

ನಾನು ಬರೆಯುತ್ತಿದ್ದಾಗ ಅವಳು
ನಕ್ಷೆಗೆಂದಿದ್ದ ಕೆಂಪು ಚುಕ್ಕಿಗಳ ಹಾಳೆ ಎಳೆದುಕೊಂಡು
ಪಂಪಿಗೊಂದು ಅಂಟಿಸಿದಳು, ಅಣ್ಣನ ಬೂಟಿಗೊಂದು,
ಅಮ್ಮನ ಬೆರಳಿಗೊಂದು. ಬೆರಳಿನ ಬಿರುಕಿಗೆ ಅದು ಹಿಡಿಯಲಿಲ್ಲ.
ನೆಕ್ಕಿ ಮತ್ತೆ ಒತ್ತಿದಳು.
ನರ್ಸು ಬಂದಳು, ನಾನು ಎದ್ದೆ.

ರಾತ್ರಿ ಮನೆಯಲ್ಲಿ ಕೋಟು ಬಿಚ್ಚಿದರೆ
ಮೊಣಕೈಯ ಹಿಂದೆ ಒಂದು.
ಯಾವಾಗ ಅಂಟಿಸಿದಳೋ. ಹದಿನೇಳು ಮೈಲಿ
ಮಂಜಿನಲ್ಲಿ ನನ್ನ ಜೊತೆ ಬಂದಿದೆ, ಎಲ್ಲೂ
ನೋಂದಣಿಯಾಗದೆ.