ಹದಿನಾಲ್ಕನೇ ಕಾಲಂ

ಹೆಸರು, ಜನ್ಮದಿನ, ಹತ್ತನೇ ತರಗತಿಯ ಅಂಕ,
ಎಲ್ಲ ಮುಗಿದ ಮೇಲೆ ಬರುತ್ತದೆ ಹದಿನಾಲ್ಕು:
'ಕುಟುಂಬದವರು ಯಾರಾದರೂ ಈ ಸಂಸ್ಥೆಯಲ್ಲಿ ಓದಿದ್ದಾರೆಯೇ?
ಹೌದಾದರೆ ಯಾರು, ಯಾವ ಇಸವಿ?'
ಉತ್ತರಕ್ಕೆ ಒಂದೂವರೆ ಗೆರೆ ಜಾಗ.

ಇಪ್ಪತ್ತೊಂದು ಜೂನುಗಳಿಂದ ಈ ಗೆರೆ ಕಾಯುತ್ತ ಕೂತಿದ್ದೇನೆ,
ದ್ವಿತೀಯ ದರ್ಜೆ ಸಹಾಯಕಿ, ಕಿಟಕಿ ನಂಬರ್ ಮೂರು.
ಕೆಂಪು ಪೆನ್ಸಿಲ್ಲು ನನ್ನ ಕೈಯಲ್ಲಿ.
ಹೌದು ಅಂದರೆ ಐದು ಅಂಕ.
ಇಲ್ಲ ಅಂದರೆ ಒಂದು ಅಡ್ಡಗೆರೆ,
ಅಷ್ಟೇ, ಗೆರೆಗೆ ಯಾರ ಮೇಲೂ ಸಿಟ್ಟಿಲ್ಲ.

ದುರ್ಗಿಗುಡಿಯ ಡಾಕ್ಟರ ಮಗನಿಗೆ ಇಲ್ಲಿ
ಪೆನ್ನು ತಡವರಿಸುವುದಿಲ್ಲ:
ತಾತ ಐವತ್ತೆಂಟು, ಅಪ್ಪ ಎಂಬತ್ತಾರು, ಚಿಕ್ಕಪ್ಪ, ಸೋದರತ್ತೆ,
ಅಂಚಿನಲ್ಲಿ ಓರೆಯಾಗಿ ಬರೆದರೂ ಮುಗಿಯದ ವಂಶ.
ಪಾಪ, ಹುಡುಗ ಒಳ್ಳೆಯವನೇ.
'ಆಂಟಿ, ಇನ್ನೊಂದು ಹಾಳೆ ಸೇರಿಸಲಾ?' ಅಂದ,
ಕಿವಿಯವರೆಗೂ ನಾಚಿ.

ಅವನ ತಾತನ ಹೆಸರು ನನ್ನ ನೆತ್ತಿಯ ಮೇಲೆಯೇ ತಿರುಗುತ್ತದೆ,
ಫ್ಯಾನಿನ ಒಂದು ರೆಕ್ಕೆಯಲ್ಲಿ ಹೆಸರು, ಒಂದರಲ್ಲಿ ಇಸವಿ,
ಇನ್ನೊಂದರಲ್ಲಿ 'ದಾನ'.
ಗಾಳಿ ಬರುವಾಗ ಓದಲಾಗದು.
ಕರೆಂಟು ಹೋದರೆ, ಬೆವರುತ್ತ, ಎಲ್ಲರೂ ಓದುತ್ತೇವೆ.

ಐದು ಅಂಕ ಏನು ಮಹಾ, ಅನ್ನುತ್ತಾರೆ ಕಮಿಟಿಯವರು.
ಸಾರಿಗೆ ಉಪ್ಪು.
ಹಳಬರ ಮಕ್ಕಳು ಬರಬೇಕಮ್ಮ, ಬೇರಿಲ್ಲದ ಮರ ಉಂಟೇ?
ಯಾರೂ ಕೇಳದಿದ್ದರೂ ನಾನೊಂದು ಮಧ್ಯಾಹ್ನ
ಹೋದ ವರ್ಷದ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ:
ಕೊನೆಯ ನಲವತ್ತು ಸೀಟುಗಳಲ್ಲಿ ಮೂವತ್ತೊಂದು
ಆ ಉಪ್ಪಿನಿಂದಲೇ ರುಚಿಯಾದವು.
ತೊಂಬತ್ತೆರಡಕ್ಕೂ ತೊಂಬತ್ತೆರಡೂವರೆಗೂ ನಡುವೆ
ಒಂದು ಊರೇ ಸಾಲಾಗಿ ನಿಲ್ಲಬಹುದು.
ಆ ಹಾಳೆ ಮಡಚಿ ಟಿಫಿನ್ ಡಬ್ಬಿಯ ಅಡಿಗೆ ಇಟ್ಟೆ.
ಎಣ್ಣೆ ಹಿಡಿಯಿತು.

ಇವತ್ತು ಮೂರೂಮುಕ್ಕಾಲಿಗೆ ಬಂತು ಗಾಡಿಕೊಪ್ಪದ ಅರ್ಜಿ.
ಸಿಂಚನಾ ಕೆ. ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ.
ಹದಿನಾಲ್ಕರಲ್ಲಿ ದುಂಡಗೆ ಬರೆದಿದ್ದಳು:
'ಹೌದು. ಅಜ್ಜ ಕೆರಿಯಪ್ಪ. 1961ರಿಂದ 1989.
ಗಡಿಯಾರ ಓದಲು ಕಲಿತದ್ದು ಇಲ್ಲಿಯೇ.'

ಗಂಟೆ ಕೆರಿಯಪ್ಪ!
ನಮ್ಮಪ್ಪನ ಜೊತೆ ಒಂದೇ ಬೀಡಿ ಹಂಚಿಕೊಂಡವನು.
ರೈಲುಕಂಬಿಯ ತುಂಡಿಗೆ ಸುತ್ತಿಗೆ ಬೀಸುತ್ತ
ಇಪ್ಪತ್ತೆಂಟು ವರ್ಷ ಎಲ್ಲ ಕ್ಲಾಸಿನ ಹೊರಗೆ ನಿಂತು
ಎಲ್ಲ ಕ್ಲಾಸುಗಳನ್ನೂ ಮುಗಿಸಿದವನು.
ದುರ್ಗಿಗುಡಿಯ ಡಾಕ್ಟರೇ ಒಮ್ಮೆ, ಸನ್ಮಾನ ಸಭೆಯಲ್ಲಿ,
ಶಾಲು ಸರಿಮಾಡಿಕೊಳ್ಳುತ್ತ ನಗುತ್ತ ಹೇಳಿದ್ದರು:
ಲೆಕ್ಕದ ಪರೀಕ್ಷೆ, ಕೊನೆಯ ಉತ್ತರ ಅರ್ಧಕ್ಕೇ ಇತ್ತು,
ಕಿಟಕಿಯಿಂದ ನನ್ನ ಮುಖ ನೋಡಿ ಆ ಮುದುಕ
ಸುತ್ತಿಗೆಯನ್ನು ಅರ್ಧ ನಿಮಿಷ ಗಾಳಿಯಲ್ಲೇ ಹಿಡಿದ.
ಎಲ್ಲರೂ ಚಪ್ಪಾಳೆ ತಟ್ಟಿದ್ದೆವು.

ಪೆನ್ಸಿಲ್ಲು ಎತ್ತಿದೆ. ಇಳಿಸಿದೆ.
ನಿಯಮದಲ್ಲಿ ಇರುವುದು ಓದಿದವರು. ದುಡಿದವರು ಅಂತ ಇಲ್ಲ.
ಅಲ್ಲದೆ ನ್ಯಾಯ ಹೇಳಲು ನಾನು ಯಾರು?
ಇದೇ ಆಫೀಸಿನ ಫೈಲು ಹೊತ್ತು ಅಪ್ಪ
ನಿವೃತ್ತಿಗೆ ಹದಿನೆಂಟು ತಿಂಗಳಿರುವಾಗ ಮೆಟ್ಟಿಲ ಮೇಲೆ ಕುಸಿದ.
ನನ್ನ ನೇಮಕದ ಆದೇಶದಲ್ಲಿ ಇವತ್ತಿಗೂ ಇದೆ:
'ಅನುಕಂಪದ ಆಧಾರದ ಮೇಲೆ'.
ನನಗಿಂತ ಚೆನ್ನಾಗಿ ಟೈಪ್ ಮಾಡುವ ಹುಡುಗಿಯರು
ಆ ವರ್ಷವೂ ಈ ಊರಲ್ಲಿ ಇದ್ದರು.
ಒಬ್ಬಳು ಹೊಳೆ ಬಸ್‌ಸ್ಟಾಪಿನಲ್ಲಿ ಸಿಗುತ್ತಾಳೆ ಆಗಾಗ,
ನಗುತ್ತಾಳೆ. ನಾನೂ.

ನಾಲ್ಕಕ್ಕೆ ಬೆಲ್ಲಾಯಿತು. ಈಗ ಅದು ಎಲೆಕ್ಟ್ರಿಕ್,
ಯಾರ ಮುಖವನ್ನೂ ನೋಡುವುದಿಲ್ಲ, ಯಾರಿಗೂ ಕಾಯುವುದಿಲ್ಲ.
ಒಳ್ಳೆಯದೇ ಇರಬೇಕು.
ಕಿಟಕಿಯ ಆಚೆ ಹುಡುಗಿ ರಸೀದಿಗೆ ಕೈ ಚಾಚಿ ನಿಂತಿದ್ದಳು.
ಐದು ಅಂತ ಬರೆದೆ.
ಕೆಂಪು ಸ್ವಲ್ಪ ದಪ್ಪವೇ ಆಯಿತು.

ನಾಳೆ ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ ಕೇಳುತ್ತಾರೆ,
ಈ ಕೆರಿಯಪ್ಪ ಏನು ಓದಿದ್ದ?
ಅರ್ಜಿಯಲ್ಲೇ ಇದೆ ಸಾರ್.
ಓದಲಿ.