ಇನ್ನೊಂದು ಜೇನು

ಬನ್ನಿಮಂಟಪದ ಜಬೀವುಲ್ಲಾ ಝೆನ್ ಅಂತ ಬರೆಯುವವನಲ್ಲ.
ಅವನ ಬಿಲ್ಲಿನಲ್ಲಿ ಯಾವತ್ತೂ
‘ಜೇನು ಕಾರು, ಬಿಳಿ, ಕ್ಲಚ್ ಪ್ಲೇಟು.’
ನಾನು ತಿದ್ದಲಿಲ್ಲ. ಹದಿನಾಲ್ಕು ವರ್ಷದಿಂದ
ಅದು ಜೇನೇ.

ಬೆಳಗಿನ ಐದೂವರೆಗೆ ಇಟ್ಟಿಗೆಗೂಡು ಬಿಟ್ಟು
ಹಿಂದಿನ ಸೀಟಿನಲ್ಲಿ ಐಸ್ ಡಬ್ಬಿ, ಸೂಜಿ, ಹತ್ತಿ,
ಖಾಲಿ ಹೊಟ್ಟೆಯಲ್ಲಿ ಕಾದು ಕೂತವರ
ತೋಳು ಹುಡುಕಿಕೊಂಡು ಹೋಗುವವಳು ನಾನು.
ಊರಿನ ಅರ್ಧ ಸಕ್ಕರೆ ಈ ಕಾರಿನಲ್ಲೇ ಓಡಾಡಿದೆ.

ಈಗ ಎರಡನೇ ಗೇರು ಸಿಕ್ಕಿ ಸಿಕ್ಕಿ ಜಾರುತ್ತದೆ.
ಎಡಗಡೆ ಗಾಜು ಇಳಿಸಲು ಸ್ಕ್ರೂಡ್ರೈವರು.
ಕಾಲಡಿಯ ಮ್ಯಾಟು ಎತ್ತಿದರೆ
ಇರ್ವಿನ್ ರಸ್ತೆ ಹಾದುಹೋಗುವುದು ಕಾಣುತ್ತದೆ.
‘ಸಾಮಾನು ಸಿಗಲ್ಲ ಮೇಡಂ, ಕಂಪನಿಯೋರೇ ಮರ್ತವ್ರೆ.
ಇಂಥದ್ದೇ ಇನ್ನೊಂದು ತಗೊಂಡ್ಬಿಡಿ.
ಅದುನ್ನ ಬಿಚ್ಚಿ ಇದುಕ್ಕೆ ಹಾಕ್ತೀನಿ.’

ಸಿಕ್ಕಿದ್ದು ಮಂಡ್ಯದಲ್ಲಿ, ಗುತ್ತಲಿನ ಕಡೆ.
ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುತ್ತಿದ್ದ
ಪುಟ್ಟಬಸವಯ್ಯನವರ ಶೆಡ್ಡಿನಲ್ಲಿ
ಜಮಖಾನ ಹೊದ್ದು ಮಲಗಿತ್ತು. ಅದೇ ಬಿಳಿ.
ಮಲಗಿದ ಮಗುವಿನ ಜ್ವರ ನೋಡುವ ಹಾಗೆ
ಮೆಲ್ಲಗೆ ಮುಸುಕು ಸರಿಸಿದರು.
ನಲವತ್ತೆರಡು ಸಾವಿರ. ಎರಡು ಸಲ ಎಣಿಸಿ,
ನೂರರ ಒಂದು ನೋಟು ನನ್ನ ಅಂಗೈಗೇ ಇಟ್ಟು ಕೇಳಿದರು:
‘ನೀವೇಯಾ ಓಡ್ಸೋದು?’
ಹ್ಞೂಂ ಅಂದೆ.
ಬಿಚ್ಚುವ ಮಾತು ಬಾಯಲ್ಲೇ ಉಳಿಯಿತು.

ಬರುವಾಗ ಈ ಹೊಸ ಹಳೆಯದರಲ್ಲಿ ನಾನು,
ಹಿಂದೆ ನನ್ನದರಲ್ಲಿ ಜಬೀವುಲ್ಲಾ.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಕನ್ನಡಿ ನೋಡಿದರೆ
ನನ್ನ ಕಾರು ಬರುತ್ತಿದೆ.
ಅದು ಓಡುವುದನ್ನು ಹೊರಗಿನಿಂದ
ನಾನು ಒಂದು ದಿನವೂ ಕಂಡವಳಲ್ಲ.
ಒಂದು ಕಣ್ಣು ಮಂಕು, ಬಂಪರು ಸೊಟ್ಟ ತುಟಿ,
ಎಡಕ್ಕೆ ಒಂಚೂರು ವಾಲಿಕೊಂಡು,
ಗುರುತಿನವರನ್ನು ಕಂಡೂ
ಮಾತಾಡಿಸಲು ಅಂಜುವ ಹೆಂಗಸಿನಂತೆ
ಹಿಂದೆಹಿಂದೆಯೇ.
ಇಷ್ಟು ಚಿಕ್ಕದೇ? ಇದರೊಳಗೇ ನಾನಿದ್ದದ್ದು?

ಮಂಡ್ಯದ್ದರ ಎರಡನೇ ಗೇರು ಬೆಣ್ಣೆ.
ಅಭ್ಯಾಸದ ಕೈ ಜಗ್ಗಿ ಎಳೆಯಿತು. ನರಳಿತು ಪಾಪ.

ಅಮ್ಮ ಗೇಟಿನಲ್ಲಿ ನಿಂತು ಎರಡನ್ನೂ ನೋಡಿ,
‘ನಿಮ್ಮ ತಾತನ ಬುದ್ಧಿ’ ಅಂದಳು.
‘ಅಕ್ಕ ಹೋದಳು ಅಂತ ತಂಗಿಯನ್ನೇ ತಂದರಲ್ಲ.’

ಚಿಕ್ಕಜ್ಜಿ ಬಂದದ್ದು ಹದಿನೇಳಕ್ಕೆ.
ಅಕ್ಕನ ಬಳೆ ಅವಳ ಕೈಗೆ,
ಅಕ್ಕನ ಓಲೆ ಅವಳ ಕಿವಿಗೆ,
ಅಕ್ಕನ ಕೂಸು ಅವಳ ಸೊಂಟಕ್ಕೆ.
ಆ ಕೂಸು ಅಮ್ಮ.
ತಾತ ಕೊನೆಯವರೆಗೂ ಕೂಗಿದ್ದು ‘ನಂಜಮ್ಮಣ್ಣೀ’ ಅಂತ.
ಅವಳು ಓಗೊಡುತ್ತಿದ್ದಳು, ಸೆರಗಿಗೆ ಕೈ ಒರೆಸಿಕೊಂಡು.
ತಾಯಮ್ಮಣ್ಣಿ ಅಂತ ಹೆಸರಿತ್ತೆಂದು
ನನಗೆ ತಿಳಿದದ್ದು ತಿಥಿಯ ಕಾರ್ಡಿನಲ್ಲಿ.

ಭಾನುವಾರ ಸ್ಪ್ಯಾನರಿನ ಚೀಲ ಹಿಡಿದು ಬಂದ.
‘ಯಾವ್ದು ಬಿಚ್ಲಿ?’
ಕಾಫಿ ಕುಡಿ ಅಂದೆ. ಕುಡಿದ.
ಇನ್ನೊಂದು ಲೋಟ ಕೊಟ್ಟೆ. ಅದನ್ನೂ ಕುಡಿದ.
ಆಮೇಲೆ ಟೈರಿಗೆ ಗಾಳಿ ನೋಡಿ ಹೊರಟುಹೋದ.

ರಾತ್ರಿ ಕರೆಂಟಿಲ್ಲ. ಮೊಳೆಯಲ್ಲಿ ಎರಡು ಬೀಗದಕೈ,
ಸವೆದೂ ಸವೆದೂ ಒಂದೇ ಥರ.
ಕೈಗೆ ಬಂದದ್ದು ಹಿಡಿದು ಮಂಡ್ಯದ್ದರ ಬಾಗಿಲಿಗೆ ಹಾಕಿದೆ.
ತೆರೆಯಿತು.
ಒಳಗೆ ಕೂತು ಸ್ಟಾರ್ಟಿಗೆ ತಿರುಗಿಸಿದೆ.
ತಿರುಗಲಿಲ್ಲ. ಹಳೆಯದರ ಕೀಲಿ.

ಕತ್ತಲಲ್ಲಿ ಇನ್ನೊಬ್ಬರ ಮನೆಯ ವಾಸನೆ,
ನಶ್ಯ, ಬೆಲ್ಲ, ಜಮಖಾನದ ಧೂಳು.
ತುಸುಹೊತ್ತು ಹಾಗೇ ಕೂತಿದ್ದು
ಇಳಿದು ಹೋಗಿ
ಅದರದೇ ಕೀಲಿ ತಂದೆ.