ಕೂದಲೆಳೆ

ಗುರುವಾರ ಸಂಜೆ, ಶಾರ್ಜಾದ ರೋಲಾ ಹಿಂಬೀದಿಯ ನಮ್ಮ ಅಂಗಡಿಗೆ
ಫುರ್ಟಾಡೊ ಸಾಹೇಬರು ಬಂದರೆ
ನಾನು ಎರಡನೇ ಟ್ಯೂಬ್‌ಲೈಟನ್ನೂ ಹಾಕುತ್ತೇನೆ.
ಅವರಿಗೆ ಬೇಕಾದ್ದು ಒಂದು ಮಡಚುವ ಚಾಕು, ಜೇಬಿಗೆ.
ಇದು ನಾಲ್ಕನೇ ವಾರ.

ಮಡಚಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ
ಹಿಡಿಯೊಳಗೆ ಅಲಗು ನಟ್ಟನಡುವೆ ಮಲಗಿದೆಯೇ ನೋಡುತ್ತಾರೆ.
"ಎಡಕ್ಕೆ ವಾಲಿದೆ."
ಎಷ್ಟು? ಕೂದಲೆಳೆಯಷ್ಟು.
ಇನ್ನೊಂದು ಡಬ್ಬಿ.
ಇದರ ಹಿಡಿಯ ಮೇಲೊಂದು ಗೀರು, ಇರುವೆ ನಡೆದ ಹಾಗೆ.
ಇನ್ನೊಂದು.
ತಿರುಪಿನ ತಲೆ ಸವೆದಿದೆಯಂತೆ.
ಏನು ಕೊಯ್ಯುತ್ತೀರಿ ಸಾರ್ ಇದರಲ್ಲಿ, ಕೇಳಿದ್ದೆ ಒಮ್ಮೆ.
"ಸೇಬು," ಎಂದರು.

ನಗಬೇಡಿ. ಕಾಸು ಕೊಡುವವರು ನೋಡಿಯೇ ಕೊಳ್ಳಬೇಕು.
ನಾನೂ ಹೇಳುತ್ತೇನೆ ಗಿರಾಕಿಗಳಿಗೆ:
ತೆರೆದ ಮೇಲೆ ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಿ ನೋಡಿ,
ಬೀಗ ಜಾರಿತೋ, ಎಸೆಯಿರಿ ನನ್ನ ಮುಖಕ್ಕೇ.
ಜಾರುವ ಬೀಗ ಬೆರಳು ಕೇಳುತ್ತದೆ.
ಕಳೆದ ರಂಜಾನಿನಲ್ಲಿ ಅಂಥದ್ದೊಂದನ್ನು ಸುತ್ತಿಗೆಯಲ್ಲಿ ಜಜ್ಜಿದೆ,
ಮಾಲೀಕರು ಹನ್ನೆರಡು ದಿರ್ಹಮ್ ಸಂಬಳದಲ್ಲಿ ಮುರಿದುಕೊಂಡರು.
ಆದರೆ ಗೀರು?
ನಾಳೆ ಅದೇ ಜೇಬಿನಲ್ಲಿ
ನಿಮ್ಮದೇ ಕೀಲಿಕೈ ಗೊಂಚಲು ಹತ್ತು ಗೀರು ಎಳೆಯುತ್ತದೆ.

ಆ ಬೆಳಕಿಗೆ ಹಿಡಿಯುವ ಭಂಗಿ ಮಾತ್ರ
ನಾನು ಬೇರೆ ಕಡೆಯೂ ಕಂಡದ್ದು.
ಬಂದ ಹೊಸತು, ಮೆಡಿಕಲ್, ಅಂಗಿ ಬಿಚ್ಚಿ ಸಾಲು ನಿಂತ ನಾವು.
ನನ್ನ ಹಿಂದೆ ಗಂಗೊಳ್ಳಿಯ ಶೀನ ಖಾರ್ವಿ,
ಬಂದರಿನಲ್ಲಿ ಐಸ್‌ಪೆಟ್ಟಿಗೆಯನ್ನು ಒಂದೇ ಹೆಗಲಲ್ಲಿ ಹೊತ್ತವನು,
ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದ.
ಬಿಳಿಕೋಟಿನವರು ಅವನೆದೆಯ ಫಿಲ್ಮನ್ನು ಕಿಟಕಿಗೆ ಹಿಡಿದರು.
ಬಲಗಡೆ, ಮೇಲೆ, ಒಂದು ಕಲೆ.
ಏಳು ವರ್ಷದವನಿದ್ದಾಗ ಬಂದು ಹೋದ ಕೆಮ್ಮಿನದು,
ಎಂದೋ ಮಾಯ್ದದ್ದು.
"ಅನ್‌ಫಿಟ್."
ಹನ್ನೊಂದನೇ ದಿನ ವಿಮಾನ ಹತ್ತಿದ,
ಹೊಸ ಸೂಟ್‌ಕೇಸಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ.
ಯಾರೂ ಹೆಬ್ಬೆರಳು ಒತ್ತಿ ನೋಡಲಿಲ್ಲ ಅವನನ್ನು.

ಸಾಹೇಬರು ಏಳನೆಯದನ್ನು ಮಡಚಿದರು.
"ಇದೂ ವಾಲಿದೆ. ಬಲಕ್ಕೆ."
ಮುಂದಿನ ವಾರ ಹೊಸ ಸ್ಟಾಕು ಬರುತ್ತದೆ ಸಾರ್, ಎಂದೆ.

ಮೊದಲ ವಾರ ಅವರು ಬೇಡವೆಂದ ಆ ಗೀರಿನ ಚಾಕು
ನನ್ನ ಜೇಬಿನಲ್ಲೇ ಇದೆ. ಕಾಸು ಕೊಟ್ಟು ಇಟ್ಟುಕೊಂಡದ್ದು.
ಅವರ ಡಬ್ಬಿಗಳ ದಾರ ಕೊಯ್ದದ್ದೂ ಅದರಿಂದಲೇ.
ಕೌಂಟರಿನ ಕೆಳಗೆ, ಕಾಣದಂತೆ, ತೆರೆದೆ.
ಚಟಕ್.

ಅವರು ತಲೆಯೆತ್ತಿದರು:
"ಅದು ಯಾವುದು ಮಾರಾಯ? ಒಳ್ಳೆ ಸದ್ದು ಅದರದ್ದು."